ಸ್ಟಿಕ್ಕರ್ ಅಂಟಿಸಿದ ಬೈಕ್, ರೇಸಿಗೆ ಇಳಿದ ಬೈಕ್

ಬಿದ್ದಿದ್ದು ಮೂರನೇ ಲ್ಯಾಪಿನಲ್ಲಿ. ಟೇಬಲ್‌ಟಾಪ್ (ತಲೆ ಚಪ್ಪಟೆಯಾದ ಮಣ್ಣಿನ ಜಂಪ್) ಹಾರಿ ಇಳಿದ ಕೂಡಲೇ ಎಡಕ್ಕೆ ಒಂದು ಕಿರಿದಾದ ತಿರುವು. 41ನೇ ನಂಬರಿನ ಹುಡುಗ ಅಲ್ಲಿ ಹಿಂದಿನ ಬ್ರೇಕ್ ತುಳಿದ. ಹಿಂದಿನ ಚಕ್ರ ಕಚ್ಚಿಕೊಂಡಿತು, ಬೈಕ್ ಅಡ್ಡ ತಿರುಗಿ ಮಲಗಿತು. ಹಿಂದೆಯೇ ಬರುತ್ತಿದ್ದ 17ಕ್ಕೆ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. 41ಕ್ಕೆ ಕಾಲರ್ ಬೋನ್ ಮುರಿಯಿತು, 17ಕ್ಕೆ ಮಣಿಕಟ್ಟು.

41ರ ಟ್ಯಾಂಕ್ ಮೇಲೆ ಹಸಿರು ಸ್ಟಿಕ್ಕರ್ ಇತ್ತು. ಸ್ಕ್ರೂಟಿನಿ, ಅಂದರೆ ರೇಸಿಗೆ ಮುಂಚಿನ ಬೈಕ್ ತಪಾಸಣೆ, ಪಾಸ್ ಅಂತ ಅದರ ಅರ್ಥ. ಅಂಟಿಸಿದವನು ನಾನೇ.

ನಾನು ಗ್ಯಾರೇಜ್ ನಡೆಸುವವನು. ಹಾಸನ, ಚಿಕ್ಕಮಗಳೂರು, ಕೊಡಗಿನ ಕಡೆ ಡರ್ಟ್ ರೇಸ್ ಇದ್ದಾಗ ಪರಿಚಯದ ಕ್ಲಬ್‌ನವರು ಕರೆಯುತ್ತಾರೆ, ಹೋಗಿ ಬೈಕ್ ನೋಡಿಕೊಡುತ್ತೇನೆ. ದುಡ್ಡಿಲ್ಲ, ಊಟ ಮತ್ತು ಒಂದು ಟೀ ಶರ್ಟ್. ಆ ದಿನದ ಬಗ್ಗೆ ಜನ ಏನೇನೋ ಹೇಳಿದರು. "ಹಳೇ ಗಾಡಿ ಅಲ್ವಾ, ಹಂಗೇ ಆಗೋದು" ಅಂದರು ಕೆಲವರು. "ಹುಡುಗನಿಗೆ ಬ್ರೇಕ್ ಹೊಡೆಯೋಕೆ ಬರಲ್ಲ" ಅಂದರು ಇನ್ನು ಕೆಲವರು. ಎರಡೂ ಸರಿಯಲ್ಲ. ಬೈಕನ್ನು ಬಿಚ್ಚಿ ನೋಡಿದವನು ನಾನಾದ್ದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಗದ್ದೆ, ಜೆಸಿಬಿ, RX100 ಕಾಲದ ಹಳೇ ಪ್ರೀತಿ

ಮಲೆನಾಡಿನಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆ ಖಾಲಿ. ಜೆಸಿಬಿ ತಂದು ಮಣ್ಣು ಗುಡ್ಡೆ ಹಾಕಿದರೆ ಜಂಪ್ ತಯಾರು. ಧೂಳು ಏಳದಂತೆ ಬೆಳಿಗ್ಗೆ ಟ್ಯಾಂಕರಿನಲ್ಲಿ ನೀರು ಬಿಡುತ್ತಾರೆ. ತಿರುವುಗಳಲ್ಲಿ ಹಳೇ ಟೈರು, ಹುಲ್ಲಿನ ಪಿಂಡಿ, ಅದರಾಚೆ ಹಗ್ಗ, ಹಗ್ಗದಾಚೆ ಇಡೀ ಊರು.

ಓಡಿಸುವವರಲ್ಲಿ ಹೆಚ್ಚಿನವರು ರೇಸನ್ನೇ ನಂಬಿ ಬದುಕುವವರಲ್ಲ. ಎಸ್ಟೇಟ್ ಹುಡುಗರು, ಡಿಪ್ಲೊಮಾ ಓದುವವರು, ಒಬ್ಬ ಲೈನ್‌ಮನ್. ಭಾನುವಾರ ರೇಸ್ ಓಡಿದ ಬೈಕು ಸೋಮವಾರ ಡೇರಿಗೆ ಹಾಲು ಒಯ್ಯುವುದೂ ಉಂಟು. ಓಪನ್ ಕ್ಲಾಸ್‌ನಲ್ಲಿ ಲಕ್ಷಾಂತರ ರೂಪಾಯಿಯ ಬೈಕ್ ಬರುತ್ತವೆ, ನಿಜ. ಆದರೆ ಲೋಕಲ್ ಕ್ಲಾಸ್‌ನಲ್ಲಿ ಇವತ್ತಿಗೂ ಯಮಹಾ RX100ದೇ ಸದ್ದು. 98 ಸಿಸಿ, ಟೂ ಸ್ಟ್ರೋಕ್. 1985ರಲ್ಲಿ ಬಂತು, 1996ರಲ್ಲಿ ನಿಂತಿತು. 41ರ ಬೈಕ್ ಅದೇ. ಓಡಿಸುವ ಹುಡುಗನಿಗಿಂತ ಓಡುವ ಬೈಕಿಗೆ ವಯಸ್ಸು ಜಾಸ್ತಿ.

ಅವತ್ತು ಸುಮಾರು 40 ಬೈಕ್ ಇದ್ದವು. ಸ್ಕ್ರೂಟಿನಿಗೆ ನಾವು ಇಬ್ಬರು. ಬೆಳಿಗ್ಗೆ 6:45ರಿಂದ 8:45, ಎರಡೇ ಗಂಟೆ. ಲೆಕ್ಕ ಹಾಕಿದರೆ ಒಂದು ಬೈಕಿಗೆ 6 ನಿಮಿಷ. ಅದರಲ್ಲೇ ಹೆಲ್ಮೆಟ್, ಬೂಟು, ಗ್ಲೌಸ್ ನೋಡಬೇಕು, ಫಾರಂ ತುಂಬಿಸಬೇಕು, ಸ್ಟಾರ್ಟ್ ಆಗದ ಬೈಕನ್ನು ತಳ್ಳಿಕೊಂಡು ಬಂದವನ ಕತೆ ಕೇಳಬೇಕು.

7:20ಕ್ಕೆ ನಾನು ನೋಡಿದ್ದು

41 ಬಂದಾಗ ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ, ಸ್ಟ್ಯಾಂಡು ಎಲ್ಲ ಬಿಚ್ಚಿಯಾಗಿತ್ತು. ಅಚ್ಚುಕಟ್ಟಾದ ಹುಡುಗ. ಬೈಕ್ ತೊಳೆದು ತಂದಿದ್ದ. ಇದು ಸಣ್ಣ ವಿಷಯ ಅಲ್ಲ, ಕೆಸರು ಮೆತ್ತಿದ ಬೈಕಿನಲ್ಲಿ ಬಿರುಕು ಕಾಣೋದಿಲ್ಲ.

ಮೊದಲು ಆಕ್ಸಿಲರೇಟರ್. ಪೂರ್ತಿ ತಿರುಗಿಸಿ ಬಿಟ್ಟರೆ ತಾನಾಗಿ ಟಪ್ ಅಂತ ವಾಪಸ್ ಬರಬೇಕು. ಹ್ಯಾಂಡಲ್ ನೇರ ಇದ್ದಾಗ ಮಾತ್ರ ನೋಡಿದರೆ ಸಾಲದು. ಎಡಕ್ಕೆ ಪೂರ್ತಿ ತಿರುಗಿಸಿ ಒಮ್ಮೆ, ಬಲಕ್ಕೆ ಪೂರ್ತಿ ತಿರುಗಿಸಿ ಒಮ್ಮೆ. ಕೇಬಲ್ ಎಲ್ಲಾದರೂ ಎಳೆದುಕೊಳ್ಳುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ. ಅವನದು ಸರಿ ಇತ್ತು. ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಕೆಲಸ ಮಾಡಿತು.

ಕ್ಲಚ್ ಲಿವರಿನ ತುದಿ ಮುರಿದಿತ್ತು. ಲಿವರ್ ತುದಿಯಲ್ಲಿ ಗೋಲಿಯಂಥ ಗುಂಡು ಇರಬೇಕು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕನಿಷ್ಠ 16 ಮಿಲಿಮೀಟರ್. ಅದು ಮುರಿದರೆ ಉಳಿಯೋದು ಚಾಕುವಿನಂಥ ಮೊನೆ. ಬಿದ್ದಾಗ ತೊಡೆಗೆ ಹೊಕ್ಕುತ್ತದೆ. "ಬೇರೆ ಹಾಕ್ಕೊಂಡು ಬಾ ಮರಿ" ಅಂದೆ. ಗೊಣಗಲಿಲ್ಲ. ಯಾರದೋ ಲಿವರ್ ಕೇಳಿ ಹಾಕಿಕೊಂಡು ಬಂದ.

ಮುಂದಿನ ಚಕ್ರ ಎತ್ತಿ ಫೋರ್ಕ್ ಅಲುಗಾಡಿಸಿದೆ, ಬೇರಿಂಗಿನಲ್ಲಿ ಆಟ ಇರಲಿಲ್ಲ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಸ್ಪೋಕುಗಳ ಮೇಲೆ ಸಣ್ಣ ಸ್ಪ್ಯಾನರ್ ಆಡಿಸುತ್ತಾ ಹೋದೆ. ಟೈಟ್ ಇದ್ದದ್ದು ಟಿಣ್ ಅನ್ನುತ್ತದೆ, ಲೂಸ್ ಆದದ್ದು ಸತ್ತ ಸದ್ದು ಮಾಡುತ್ತದೆ. ಎಲ್ಲ ಟಿಣ್ ಅಂದವು. ಹೆಲ್ಮೆಟ್ಟಿನಲ್ಲಿ ಐಎಸ್‌ಐ ಗುರುತು ಇತ್ತು, ಪಟ್ಟಿಗೆ ಎರಡು ಉಂಗುರದ ಬಿಗಿತ. ಹಾಕಿಸಿ, ಪಟ್ಟಿ ಕಟ್ಟಿಸಿ, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿ ನೋಡಿದೆ. ತಲೆ ಬಾಗಿತೇ ಹೊರತು ಹೆಲ್ಮೆಟ್ ಕಳಚಲಿಲ್ಲ.

ಕೊನೆಗೆ ಡ್ರೈನ್ ಪ್ಲಗ್, ಗೇರ್ ಆಯಿಲ್ ಹೊರಬಿಡುವ ಬಿರಡೆ. ಅದಕ್ಕೆ ವೈರ್ ಕಟ್ಟಿರಲಿಲ್ಲ. ನಾವು ಟಿಕ್ ಹಾಕುವ ತಪಾಸಣೆಯ ಶೀಟಿನಲ್ಲಿ ಆ ಸಾಲು ಇತ್ತು. ಅಲ್ಲೇ ಕೂರಿಸಿ, ಸ್ಟೀಲ್ ವೈರ್ ಕೊಟ್ಟು, ಹೇಗೆ ಹೊಸೆದು ಕಟ್ಟಬೇಕು ಅಂತ ತೋರಿಸಿ ಕಟ್ಟಿಸಿದೆ. ಅವನಿಗೆ ಕೊಟ್ಟ ಆರು ನಿಮಿಷದಲ್ಲಿ ಎರಡು ಅದಕ್ಕೇ ಹೋಯಿತು. ಇದನ್ನು ನೆನಪಿಡಿ.

ಸ್ಟಿಕ್ಕರ್ ಅಂಟಿಸಿದೆ. ಮುಂದಿನವನನ್ನು ಕರೆದೆ.

ಬೈಕ್ ತೊಳೆಯಲು ಹೊರಟಿದ್ದರು

ಬಿದ್ದದ್ದು ಹೀಟ್ ರೇಸಿನಲ್ಲಿ (ಫೈನಲ್‌ಗೆ ಮೊದಲಿನ ಸುತ್ತು), 11:40ರ ಆಸುಪಾಸು. ರೆಡ್ ಫ್ಲ್ಯಾಗ್ ತೋರಿಸಿ ಎಲ್ಲರನ್ನೂ ನಿಲ್ಲಿಸಿದರು. ಆಂಬುಲೆನ್ಸ್ ಟ್ರ್ಯಾಕಿನ ಬಾಯಲ್ಲೇ ಇತ್ತು, ಅದಕ್ಕೆ ಕ್ಲಬ್‌ನವರನ್ನು ಹೊಗಳಬೇಕು. ಇಬ್ಬರನ್ನೂ ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು.

ನಾನು ಅಷ್ಟರಲ್ಲಿ ಬೈಕ್ ಎಲ್ಲಿ ಅಂತ ಹುಡುಕಿದೆ. ಅಪಘಾತ ಆದ ಬೈಕನ್ನು ಸ್ಕ್ರೂಟಿನಿಯವರು ನೋಡೋವರೆಗೂ ಯಾರೂ ಮುಟ್ಟಬಾರದು. ಇಲ್ಲಿ ಆಗಲೇ ಅದನ್ನು ಪಿಕಪ್‌ಗೆ ಹೇರಿಕೊಂಡು ಪಂಪ್‌ಸೆಟ್ ಹತ್ತಿರ ಒಯ್ದಿದ್ದರು. ಹುಡುಗನ ಮಾವ ಪೈಪ್ ಹಿಡಿದು ನಿಂತಿದ್ದರು. ಮನೆಗೆ ಕೆಸರು ಗಾಡಿ ಯಾಕೆ ಒಯ್ಯೋದು ಅಂತ, ಪಾಪ. ಓಡಿ ಹೋಗಿ ನಿಲ್ಲಿಸಿದೆ. ಇನ್ನೊಂದು ನಿಮಿಷ ತಡವಾಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಯಾಕೆ ಅಂದರೆ ನಮಗೆ ಉತ್ತರ ಸಿಕ್ಕಿದ್ದು ಒಂದು ತೂತಿನೊಳಗಿನ ಕೆಸರಿನಲ್ಲಿ.

ಇಲ್ಲಿ ಡ್ರಮ್ ಬ್ರೇಕ್ ಬಗ್ಗೆ ಸ್ವಲ್ಪ ಹೇಳಬೇಕು. ಬ್ರೇಕ್ ತುಳಿದಾಗ ಒಳಗಿನ ಶೂಗಳು ಅಗಲವಾಗಿ, ಚಕ್ರದ ಜೊತೆ ತಿರುಗುತ್ತಿರುವ ಡ್ರಮ್ಮನ್ನು ಒತ್ತುತ್ತವೆ. ಶೂ ಕೂತಿರುವ ಪ್ಲೇಟು ಆಗ ಚಕ್ರದ ಜೊತೆಗೇ ತಿರುಗಲು ನೋಡುತ್ತದೆ. ಬೀಸೋ ಕಲ್ಲು ನೆನಪಿಸಿಕೊಳ್ಳಿ. ಕೆಳಕಲ್ಲು ಗಟ್ಟಿ ಕೂತಿರದಿದ್ದರೆ ಮೇಲಿನ ಕಲ್ಲು ಅದನ್ನೂ ಎಳೆದುಕೊಂಡು ಸುತ್ತುತ್ತದೆ. ಬೈಕಿನಲ್ಲಿ ಆ ಕೆಳಕಲ್ಲನ್ನು ಹಿಡಿದಿಡುವುದು ಒಂದು ಚಪ್ಪಟೆ ಕಬ್ಬಿಣದ ಪಟ್ಟಿ. ಟಾರ್ಕ್ ಆರ್ಮ್ ಅನ್ನುತ್ತಾರೆ. ಒಂದು ತುದಿ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೆ, ಇನ್ನೊಂದು ತುದಿ ಬ್ರೇಕ್ ಪ್ಲೇಟಿಗೆ. ಪ್ರತಿ ತುದಿಗೂ ಒಂದು ಬೋಲ್ಟು, ನಟ್ಟು, ನಟ್ಟು ಬಿಚ್ಚಿಕೊಳ್ಳದಂತೆ ಬೋಲ್ಟಿನ ತೂತಿಗೆ ತೂರಿಸಿದ ಸ್ಪ್ಲಿಟ್ ಪಿನ್.

41ರ ಬೈಕಿನಲ್ಲಿ ಆ ಪಟ್ಟಿ ಮುಂದಿನ ತುದಿಯಲ್ಲಿ ಮಾತ್ರ ನೇತಾಡುತ್ತಿತ್ತು. ಬ್ರೇಕ್ ಪ್ಲೇಟ್ ಅರ್ಧ ಸುತ್ತು ತಿರುಗಿತ್ತು. ಬ್ರೇಕ್ ರಾಡ್ ಕೊಕ್ಕೆಯ ಹಾಗೆ ಬಗ್ಗಿತ್ತು. ಪ್ಲೇಟು ತಿರುಗಿದಾಗ ಕೆಳಗಿನ ಬ್ರೇಕ್ ಲಿವರ್ ಹಿಂದಕ್ಕೆ ಹೋಗುತ್ತದೆ, ರಾಡ್ ಅದನ್ನು ಮುಂದಿನಿಂದ ಎಳೆದು ಹಿಡಿದಿರುತ್ತದೆ. ಅಂದರೆ ತುಳಿಯದಿದ್ದರೂ ಬ್ರೇಕ್ ತಾನೇ ಇನ್ನಷ್ಟು ಬಿಗಿಯುತ್ತದೆ. ಕಾಲು ತೆಗೆದರೂ ಬಿಡುವುದಿಲ್ಲ. ಹುಡುಗನಿಗೆ ಬ್ರೇಕ್ ಹೊಡೆಯೋಕೆ ಬರಲ್ಲ ಅಂದವರಿಗೆ ನನ್ನ ಉತ್ತರ ಇದು. ಆ ಕ್ಷಣದಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಹಾಗಾದರೆ ಹಳೇ ಗಾಡಿ, ಪಟ್ಟಿ ಮುರಿಯಿತಾ? ಇಲ್ಲ, ಪಟ್ಟಿ ನೆಟ್ಟಗಿತ್ತು. ಪ್ಲೇಟಿನ ಬೋಲ್ಟೂ ಜಾಗದಲ್ಲೇ ಇತ್ತು. ನಟ್ ಮಾತ್ರ ಇರಲಿಲ್ಲ. ಬಟ್ಟೆಯಿಂದ ಒರೆಸಿ ಟಾರ್ಚ್ ಹಿಡಿದು ಬೋಲ್ಟಿನ ಮರೆ (ನಟ್ಟು ಹತ್ತುವ ಸುರುಳಿ ಗೀರು) ನೋಡಿದೆ. ಒಂದು ಸುತ್ತೂ ಕೆಟ್ಟಿರಲಿಲ್ಲ. ನಟ್ ಕಿತ್ತು ಬಂದಿದ್ದರೆ ಮರೆ ಸವೆದು ಚಪ್ಪಟೆ ಆಗಿರುತ್ತಿತ್ತು. ಅಂದರೆ ಅದು ತಾನಾಗಿ ತಿರುಗಿ ತಿರುಗಿ ಬಿಚ್ಚಿಕೊಂಡು ಬಿದ್ದಿದೆ. ಇನ್ನು ಪಿನ್ ತೂತು. ಪಿನ್ ತುಂಡಾಗಿದ್ದರೆ ಒಳಗೆ ಅದರ ಚೂರು ಸಿಕ್ಕಿಕೊಂಡಿರಬೇಕಿತ್ತು. ತಂತಿ ತೂರಿಸಿ ತಳ್ಳಿದೆ. ಆ ಕಡೆಯಿಂದ ಬಂದದ್ದು ಒಂದಿಷ್ಟು ಮೆತ್ತನೆ ಕೆಸರು, ಅಷ್ಟೇ. ಟ್ರ್ಯಾಕಿಗೆ ಇಳಿಯುವಾಗಲೇ ಆ ತೂತು ಖಾಲಿ ಇತ್ತು.

ಸಂಜೆ ಆಸ್ಪತ್ರೆಗೆ ಹೋದೆ. ಭುಜಕ್ಕೆ ಪಟ್ಟಿ ಸುತ್ತಿಕೊಂಡು ಹುಡುಗ ಗೋಡೆಗೆ ಒರಗಿ ಕೂತಿದ್ದ. ಬೈಯಲು ಬಂದಿದ್ದೇನೆ ಅಂದುಕೊಂಡಿರಬೇಕು, ನಾನು ಕೇಳುವ ಮೊದಲೇ ಶುರು ಮಾಡಿದ.

"ಪ್ರಾಕ್ಟೀಸ್ ಆದ್ಮೇಲೆ ಚೈನ್ ಲೂಸ್ ಅನ್ಸ್ತು ಅಣ್ಣ. ಹೊಸ ಚೈನು."

"ಟೈಟ್ ಮಾಡಿದ್ಯಾ?"

"ಹೂಂ. ಆಕ್ಸಲ್ ಲೂಸ್ ಮಾಡಿ ಎಳ್ದೆ. ಆ ಪಟ್ಟಿದೂ ಲೂಸ್ ಮಾಡ್ಬೇಕಲ್ಲ. ಪಿನ್ನು ತೆಗೀವಾಗ ಮುರಿದೋಯ್ತು. ಬೇರೆ ಇರ್ಲಿಲ್ಲ."

"ನಟ್ಟು?"

"ಆಕ್ಸಲ್ ಫುಲ್ ಟೈಟ್ ಮಾಡ್ದೆ ಅಣ್ಣ. ಅದನ್ನ ಕೈಯಲ್ಲಿ ತಿರುಗ್ಸಿ ಇಟ್ಟಿದ್ದೆ, ಸ್ಪ್ಯಾನರ್ ಯಾರೋ ತಗೊಂಡ್ಹೋಗಿದ್ರು. ಅಷ್ಟ್ರಲ್ಲಿ ಮೈಕಲ್ಲಿ ನಂಬರ್ ಕೂಗಿದ್ರು."

ಅಷ್ಟೇ ನಡೆದದ್ದು. ಕೈಯಲ್ಲಿ ತಿರುಗಿಸಿದ ನಟ್ಟು ಎರಡು ಲ್ಯಾಪ್ ತಡೆದುಕೊಂಡಿತು.

ಶೀಟಿನ ಕತೆ

ಇಲ್ಲಿಗೆ ಕೇಸ್ ಮುಗಿಸಬಹುದಿತ್ತು. ಹುಡುಗನ ತಪ್ಪು, ಸಹಿ ಮಾಡಿದ ಫಾರಂ ಇದೆ, "ನನ್ನ ಜವಾಬ್ದಾರಿಯಲ್ಲಿ ಓಡಿಸುತ್ತಿದ್ದೇನೆ" ಅಂತ ಬರೆದುಕೊಟ್ಟಿದ್ದಾನೆ. ಕ್ಲಬ್ಬಿನ ಮೀಟಿಂಗಿನಲ್ಲಿ ಒಬ್ಬರು ಹಾಗೇ ಅಂದರು ಕೂಡ. ಆದರೆ 17ನೇ ನಂಬರಿನವನು 41ರ ಬೈಕಿನ ಬಗ್ಗೆ ಯಾವ ಫಾರಂಗೂ ಸಹಿ ಹಾಕಿರಲಿಲ್ಲ. ಸ್ಕ್ರೂಟಿನಿ ಅನ್ನೋದು ಇರೋದೇ ಹಿಂದೆ ಬರುವವನಿಗಾಗಿ ಅಂತ ನನಗೆ ಅನಿಸುತ್ತದೆ. ಓಡಿಸುವವನು ತನ್ನ ಬೈಕ್ ಹೇಗಿದೆ ಅಂತ ಒಂದಿಷ್ಟಾದರೂ ಬಲ್ಲ. ಹಿಂದಿನವನಿಗೆ ಸ್ಟಿಕ್ಕರ್ ಬಿಟ್ಟರೆ ಬೇರೇನೂ ಗೊತ್ತಿರುವುದಿಲ್ಲ.

ಆ ರಾತ್ರಿ ನಮ್ಮ ಶೀಟನ್ನು ತೆಗೆದು ಓದಿದೆ. ವರ್ಷಗಟ್ಟಲೆ ಅದರ ಮೇಲೆ ಟಿಕ್ ಹಾಕಿದ್ದೆ, ಓದಿದ್ದು ಅವತ್ತೇ. ಅದು ಟಾರ್ ಟ್ರ್ಯಾಕಿನ ಶೀಟು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುವ ನಮ್ಮ ಕಡೆಯ ಹುಡುಗರ ಬೈಕಿಗೆ ಹೊಂದುವಂಥದ್ದು. ಯಾರೋ ಯಾವಾಗಲೋ ಜೆರಾಕ್ಸ್ ಮಾಡಿ ತಂದಿದ್ದರು, ನಾವು ಮೇಲಿನ ಹೆಸರು ಬದಲಾಯಿಸಿಕೊಂಡಿದ್ದೆವು.

ಟಾರ್ ಟ್ರ್ಯಾಕಿನಲ್ಲಿ ದೊಡ್ಡ ಭಯ ಅಂದರೆ ಆಯಿಲ್. ತಿರುವಿನಲ್ಲಿ ನಾಲ್ಕು ಹನಿ ಚೆಲ್ಲಿದರೆ ಹಿಂದಿನವರು ಸಾಲಾಗಿ ಬೀಳುತ್ತಾರೆ. ಅದಕ್ಕೇ ಅಲ್ಲಿ ಡ್ರೈನ್ ಪ್ಲಗ್, ಫಿಲ್ಲರ್ ಕ್ಯಾಪ್, ಆಯಿಲ್ ಫಿಲ್ಟರ್ ಎಲ್ಲಕ್ಕೂ ವೈರ್ ಕಟ್ಟಿಸುತ್ತಾರೆ. ರೇಡಿಯೇಟರಿಗೆ ಕೂಲೆಂಟ್ ಹಾಕುವಂತಿಲ್ಲ, ಅದು ಜಾರುತ್ತದೆ, ಬರೀ ನೀರು. ಬೈಕಿನ ಹೊಟ್ಟೆಯ ಕೆಳಗಿನ ಫೇರಿಂಗ್ (ಹೊರಗವಚ) ತೊಟ್ಟಿಯಂತಿರಬೇಕು, ಎಂಜಿನ್ ಒಡೆದರೆ ಆಯಿಲ್ ಮತ್ತು ಆ ನೀರಿನಲ್ಲಿ ಅರ್ಧದಷ್ಟನ್ನಾದರೂ ಹಿಡಿದಿಡಬೇಕು. ಒಂದೊಂದು ನಿಯಮದ ಹಿಂದೆಯೂ ಯಾರೋ ಬಿದ್ದ ಕತೆ ಇದ್ದೇ ಇರುತ್ತದೆ.

RX100ಗೆ ರೇಡಿಯೇಟರ್ ಎಲ್ಲಿದೆ? ಫೇರಿಂಗ್ ಎಲ್ಲಿದೆ? ಆ ಸಾಲುಗಳಿಗೆಲ್ಲ ನಾನು ಸುಮ್ನೆ ಗೀಟು ಎಳೆಯುತ್ತಿದ್ದೆ. ಗದ್ದೆಯ ಮಣ್ಣಿನ ಮೇಲೆ ಆಯಿಲ್ ಚೆಲ್ಲಿದರೆ ಟಾರ್ ಮೇಲಿನಷ್ಟು ಅಪಾಯ ಇಲ್ಲ, ಮಣ್ಣು ಹೀರಿಕೊಳ್ಳುತ್ತದೆ. ಆದರೂ ಡ್ರೈನ್ ಪ್ಲಗ್‌ಗೆ ಎರಡು ನಿಮಿಷ ಕೊಟ್ಟೆ. ಬ್ರೇಕ್ ಸಾಲಿನಲ್ಲಿ ಇದ್ದದ್ದು ಡಿಸ್ಕ್, ಪ್ಯಾಡ್, ಹೋಸ್, ಬ್ರೇಕ್ ಆಯಿಲ್. ಟಾರ್ಕ್ ಆರ್ಮ್ ಎಂಬ ಪದವೇ ಇರಲಿಲ್ಲ. ಮಣ್ಣಿನ ತಿರುವಿನಲ್ಲಿ ಹಿಂದಿನ ಬ್ರೇಕಿಗೆ ಬೀಳುವ ಕೆಲಸ ಎಷ್ಟು ಅಂತ ಡರ್ಟ್ ಓಡಿಸಿದವರಿಗೆ ಗೊತ್ತು. ಆ ಭಾರವನ್ನೆಲ್ಲ ಹೊರುವ ಪಟ್ಟಿ ನಮ್ಮ ಕಾಗದದಲ್ಲಿ ಇಲ್ಲ.

7:20ಕ್ಕೆ ಆ ಪಿನ್ ಜಾಗದಲ್ಲಿ ಇತ್ತು, ಹುಡುಗನ ಮಾತು ಕೇಳಿದರೆ. ನಾನು ನೋಡಿದ್ದೆನಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ನೆನಪಿಲ್ಲ. ನೋಡಿದ್ದರೂ ಆ ಬೆಳಿಗ್ಗೆ ಅದು ಸರಿಯೇ ಇತ್ತು, ಸ್ಟಿಕ್ಕರ್ ಸಿಗುತ್ತಲೇ ಇತ್ತು. ಆದರೆ ಪಟ್ಟಿಯನ್ನು ಬೆರಳಿಟ್ಟು ತೋರಿಸಿ "ಇದನ್ನ ಬಿಚ್ಚಿದ್ರೆ ಮತ್ತೆ ಬಂದು ತೋರ್ಸು" ಅಂತ ಒಂದು ಮಾತು ಹೇಳಿದ್ದರೆ, ಅಂತ ಎಷ್ಟೋ ಸಲ ಅನಿಸಿದೆ.

ಸ್ಕ್ರೂಟಿನಿ ಆದ ಮೇಲೆ ಬೈಕಿಗೆ ಕೈ ಹಾಕಿದರೆ ಮತ್ತೆ ತೋರಿಸಬೇಕು ಅನ್ನೋದು ರೇಸಿನ ನಿಯಮಗಳಲ್ಲಿ ಹೊಸದೇನಲ್ಲ. ಬೆಳಗಿನ ಬ್ರೀಫಿಂಗಿನಲ್ಲಿ ನಾವೂ ಹೇಳುತ್ತೇವೆ. ಆದರೆ ಚೈನ್ ಟೈಟ್ ಮಾಡುವುದನ್ನು 'ಕೈ ಹಾಕುವುದು' ಅಂತ ಬೈಕ್ ರೆಡಿ ಮಾಡುವ ಪ್ಯಾಡಾಕಿನಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಲ್ಲುಜ್ಜಿದ ಹಾಗೆ ಅದು. ಹುಡುಗ ಸುಳ್ಳು ಹೇಳಲಿಲ್ಲ, ಅಡಗಿಸಲಿಲ್ಲ. ಹೇಳಬೇಕಾದ ವಿಷಯ ಅಂತ ಅವನಿಗೆ ಹೊಳೆಯಲೇ ಇಲ್ಲ.

ಉಗುರು ಬಣ್ಣ

ಮುಂದಿನ ರೇಸಿಗೆ ಮೊದಲು ಶೀಟನ್ನು ಹರಿದು ಹೊಸದು ಬರೆದೆವು. ಡ್ರಮ್ ಬೈಕಿಗೆ ಒಂದು, ಡಿಸ್ಕ್ ಬೈಕಿಗೆ ಒಂದು. ಫೇರಿಂಗ್, ಕೂಲೆಂಟ್ ಹೋದವು. ಟಾರ್ಕ್ ಆರ್ಮ್ ಎರಡೂ ತುದಿ, ಆಕ್ಸಲ್ ಪಿನ್, ಮುಂದಿನ ಸ್ಪ್ರಾಕೆಟ್ ಮುಚ್ಚಳ, ಮಡಚಿದರೆ ತಾನಾಗಿ ವಾಪಸ್ ಬರುವ ಫುಟ್‌ರೆಸ್ಟ್, ಹ್ಯಾಂಡಲ್ ತುದಿಯ ಬಿರಡೆ, ಇವೆಲ್ಲ ಮೇಲಕ್ಕೆ ಬಂದವು. ಟೇಬಲ್ ಮೇಲೆ ಒಂದು ಡಬ್ಬಿ ತುಂಬ ಬೇರೆ ಬೇರೆ ಅಳತೆಯ ಸ್ಪ್ಲಿಟ್ ಪಿನ್ ಇಟ್ಟೆವು, ಯಾರು ಬೇಕಾದರೂ ಕೇಳದೆ ತೆಗೆದುಕೊಳ್ಳಬಹುದು. ಇದರ ಖರ್ಚು ಕ್ಲಬ್ಬಿಗೆ ಒಂದು ಊಟದ್ದೂ ಅಲ್ಲ.

ಆದರೆ ಸ್ಟಿಕ್ಕರಿನ ಸಮಸ್ಯೆ ಉಳಿದೇ ಇತ್ತು. 7:20ರ ಬೈಕಿಗೆ ಅಂಟಿಸಿದ್ದು 11:40ರ ಬೈಕಿನ ಬಗ್ಗೆ ಏನೂ ಹೇಳುವುದಿಲ್ಲ. ಫ್ಯಾಕ್ಟರಿಗಳಲ್ಲಿ ಟೈಟ್ ಮಾಡಿದ ನಟ್ಟಿನ ಮೇಲೆ ಪೇಂಟಿನ ಗೀಟು ಎಳೆಯುತ್ತಾರೆ, ನೀವು ನೋಡಿರಬಹುದು. ನಟ್ಟಿನಿಂದ ಶುರುವಾಗಿ ಪಕ್ಕದ ಲೋಹದ ಮೇಲೂ ಹೋಗುವ ಗೀಟು. ನಟ್ಟು ಒಂದು ಚೂರು ತಿರುಗಿದರೂ ಗೀಟು ಎರಡಾಗಿ ಕಾಣುತ್ತದೆ. ನಾವು ಅದನ್ನೇ ಮಾಡಿದೆವು. ಪೇಂಟ್ ಒಣಗಲು ಹೊತ್ತು ಬೇಕು ಅಂತ ಯೋಚಿಸುತ್ತಿದ್ದಾಗ ನನ್ನ ಜೊತೆಗಾರನ ಮಗಳು ಕೆಂಪು ನೇಲ್ ಪಾಲಿಶ್ ತಂದುಕೊಟ್ಟಳು. ಅದಕ್ಕೇ ಒಂದು ಸಣ್ಣ ಬ್ರಷ್ಷೂ ಇರುತ್ತದಲ್ಲ. ಗ್ರೀಸ್ ಒರೆಸಿ ಎಳೆದರೆ ಕ್ಷಣದಲ್ಲಿ ಒಣಗುತ್ತದೆ.

ಈಗ ಸ್ಟಿಕ್ಕರ್ ಜೊತೆಗೆ ನಾಲ್ಕು ಗೀಟು: ಹಿಂದಿನ ಆಕ್ಸಲ್, ಮುಂದಿನ ಆಕ್ಸಲ್, ಟಾರ್ಕ್ ಆರ್ಮಿನ ಎರಡು ತುದಿ. ಸ್ಟಾರ್ಟಿಗೆ ಬೈಕುಗಳು ಸಾಲು ನಿಂತಾಗ ಒಬ್ಬ ಬಗ್ಗಿ ನೋಡುತ್ತಾ ಹೋಗುತ್ತಾನೆ. ಒಂದು ಬೈಕಿಗೆ ಐದು ಸೆಕೆಂಡು. ಗೀಟು ಒಡೆದಿದ್ದರೆ ಬಯ್ಯುವುದಿಲ್ಲ, ಸ್ಪ್ಯಾನರ್ ಹಾಕಿ ನೋಡಿ, ಪಿನ್ ನೋಡಿ, ಹೊಸ ಗೀಟು ಎಳೆದು ಬಿಡುತ್ತಾನೆ. ಬಯ್ದರೆ ಮುಂದಿನ ಸಲ ಮನೆಯಿಂದಲೇ ನೇಲ್ ಪಾಲಿಶ್ ತಂದು ತಾವೇ ಎಳೆದುಕೊಳ್ಳುತ್ತಾರೆ, ನಮ್ಮ ಹುಡುಗರನ್ನು ನಾನು ಬಲ್ಲೆ.

ಮೊದಲ ಸಲವೇ ಐದಾರು ಬೈಕಿನಲ್ಲಿ ಗೀಟು ಒಡೆದಿತ್ತು. ಎಲ್ಲವೂ ಚೈನ್ ಟೈಟ್ ಮಾಡಿದವು. ಒಂದರಲ್ಲಿ ಪಿನ್ ಬದಲು ಬೈಂಡಿಂಗ್ ವೈರ್ ಸುತ್ತಿತ್ತು.

ಎಲ್ಲರಿಗೂ ಇದು ಇಷ್ಟವಾಗಲಿಲ್ಲ. ಓಪನ್ ಕ್ಲಾಸಿನ ಒಬ್ಬರು ತಮ್ಮ ದುಬಾರಿ ಬೈಕಿಗೆ ನೇಲ್ ಪಾಲಿಶ್ ಹಚ್ಚಲು ಬಿಡಲಿಲ್ಲ. ಅವರಿಗೆ ಟೇಪ್ ಅಂಟಿಸಿದೆವು. ರೇಸ್ ತಡ ಆಗುತ್ತದೆ ಅಂತ ಮೈಕಿನವರದು ಇನ್ನೊಂದು ತಕರಾರು. ಅದರಲ್ಲಿ ಸ್ವಲ್ಪ ನಿಜ ಇದೆ. ಹೀಟ್ ಮತ್ತು ಫೈನಲ್ ನಡುವೆ ಸಿಗುವ ಸಮಯದಲ್ಲಿ ಬಿದ್ದೆದ್ದ ಬೈಕುಗಳನ್ನು ಪೂರ್ತಿ ನೋಡಲು ಇವತ್ತಿಗೂ ನಮಗೆ ಆಗುತ್ತಿಲ್ಲ. ಹ್ಯಾಂಡಲ್ ಬಗ್ಗಿದೆಯಾ, ಆಕ್ಸಿಲರೇಟರ್ ವಾಪಸ್ ಬರುತ್ತಾ, ಇಷ್ಟು ನೋಡಿ ಬಿಡುತ್ತೇವೆ. ಇನ್ನೂ ಇಬ್ಬರು ಬೇಕು. ಊಟ ಮತ್ತು ಟೀ ಶರ್ಟಿಗೆ ಯಾರೂ ಸಿಗುತ್ತಿಲ್ಲ.

ಹೊಸ ಶೀಟಿನ ಕೊನೆಯಲ್ಲಿ ಒಂದು ಖಾಲಿ ಸಾಲು ಬಿಟ್ಟಿದ್ದೇವೆ. 'ಈ ಬೈಕಿಗೆ ಮಾತ್ರ ಇರುವುದು' ಅಂತ ಅದರ ತಲೆಬರಹ. ಹೋದ ಸಲ ಒಬ್ಬ ಹುಡುಗ ಅಜ್ಜನ ಯೆಜ್ಡಿ ತಂದಿದ್ದ, ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದದ್ದು. ಅದರಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್, ಜಾಗಕ್ಕೆ ವಾಪಸ್ ಬಂದರೆ ಮತ್ತೆ ಗೇರ್. ಕಿಕ್ ಹೊಡೆದು ಬಿಟ್ಟೆ. ಲಿವರ್ ಅರ್ಧಕ್ಕೇ ನಿಂತಿತು. ಕಾಲಲ್ಲಿ ತಟ್ಟಿದ ಮೇಲೆ ಜಾಗಕ್ಕೆ ಹೋಯಿತು.

"ಇದು ಯಾವಾಗ್ಲೂ ಹಿಂಗೇನಾ?" ಅಂದೆ.

"ಅಜ್ಜನ ಕಾಲ್ದಿಂದ್ಲೂ ಹಂಗೇ ಸಾರ್" ಅಂದ.

ಖಾಲಿ ಸಾಲಿನಲ್ಲಿ ಬರೆದೆ: ಕಿಕ್ ಲಿವರ್ ತಾನಾಗಿ ವಾಪಸ್ ಬರಬೇಕು. ಸ್ಟಿಕ್ಕರ್ ಕೊಡಲಿಲ್ಲ. ಬಿಸಿಲಲ್ಲಿ ಕೂತು ಅವನು ಸ್ಪ್ರಿಂಗ್ ಬಿಚ್ಚಲು ಶುರು ಮಾಡಿದ. ಪ್ರಾಕ್ಟೀಸ್ ಶುರುವಾಗಲು ಇನ್ನೂ ನಲವತ್ತು ನಿಮಿಷ ಇತ್ತು.